ಎಡಗಡೆಯ ಸದ್ದು

ನನ್ನ ಭಾವನಿಗೆ ಸಂಗೀತ ಕೇಳುವುದು ಬರುವುದಿಲ್ಲ. ಸಂಗೀತ ಕೇಳುವವರ ಹಾಗೆ ಕೂರುವುದು ಮಾತ್ರ ಚೆನ್ನಾಗಿ ಬರುತ್ತದೆ. ಕಣ್ಣು ಅರ್ಧ ಮುಚ್ಚಿ, ಎರಡು ಬೆರಳು ಹಣೆಗೆ ಒತ್ತಿ, ಮಧ್ಯೆ ಮಧ್ಯೆ ಯಾರೋ ಚಿವುಟಿದಂತೆ ‘ಆಹ್’ ಅನ್ನುತ್ತಾರೆ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಇದೇ ಅವರ ಕೆಲಸ. ಎಲ್ಲಿಂದಲೋ ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಹುಡುಕಿ ತಂದು ಹಾಲ್‌ನಲ್ಲಿಟ್ಟಿದ್ದಾರೆ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅವರೂ ವಾಲ್ಯೂಮ್ ಬಿಟ್ಟು ಇನ್ನೇನನ್ನೂ ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ಅವರ ಗೆಳೆಯ, ಹಲ್ಲಿನ ಡಾಕ್ಟರು ಬರುತ್ತಾರೆ. ಭಾವ ‘ಆಹ್’ ಅಂದರೆ ಅವರು ‘ಓಹ್’ ಅನ್ನುತ್ತಾರೆ.

ನಾನು ಇಪ್ಪತ್ತೆರಡು ವರ್ಷದಿಂದ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೇನೆ. ಭಾವನ ಬಾಯಲ್ಲಿ ನಾನು ‘ಸ್ಕ್ರೂ ಡ್ರೈವರ್’. ನಾನು ಎದುರಿಗೇ ನಿಂತಿದ್ದರೂ “ಏನು, ಸ್ಕ್ರೂ ಡ್ರೈವರ್ ಬಂದಿದೆಯಲ್ಲ” ಎಂದು ಅಕ್ಕನಿಗೆ ಹೇಳುತ್ತಾರೆ. ಹಾಗಾಗಿ ಆಂಪ್ಲಿಫೈಯರ್‌ನ ಎಡಗಡೆಯ ಸದ್ದು ಸಣ್ಣಗಾಗಿ ಮೂರು ತಿಂಗಳಾಗಿದ್ದರೂ ನನಗೆ ಹೇಳಿ ಕಳಿಸಿರಲಿಲ್ಲ. ಕರೆದವಳು ಅಕ್ಕ, ಫೋನಿನಲ್ಲಿ, ಪಿಸುದನಿಯಲ್ಲಿ.

“ಒಂದ್ಸಲ ಬಂದು ನೋಡೇ. ನನ್ನ ಹೊಲಿಗೆ ಮಷಿನ್ ತಗೊಂಡು ಹೋಗಿ ಬಚ್ಚಲು ಬಾಗಿಲ ಹತ್ರ ನಿಲ್ಲಿಸಿದಾರೆ.”

“ಆಂಪ್ಲಿಫೈಯರ್ ಕೆಟ್ಟರೆ ಮಷಿನ್ ಏನು ಮಾಡ್ತು?”

“ಅದು ಸದ್ದು ನುಂಗತ್ತಂತೆ.”

ಭಾನುವಾರ ಹತ್ತು ಗಂಟೆಗೆ ಹೋದೆ. ಹಾಲ್ ಗುರುತೇ ಸಿಗಲಿಲ್ಲ. ದಪ್ಪ ಪರದೆಗಳಿರಲಿಲ್ಲ, ಬೀರು ಮಲಗುವ ಕೋಣೆಗೆ ಹೋಗಿತ್ತು. ಎಡಗಡೆ ಗೋಡೆಯ ಕಿಟಕಿಯ ಬೆಳಕಿನಲ್ಲಿ ಮೊದಲು ಹೊಲಿಗೆ ಮಷಿನ್ ಇತ್ತು. ಈಗ ಅಲ್ಲಿ ಅದರ ನಾಲ್ಕು ಕಾಲಿನ ಗುರುತು ಮಾತ್ರ. ಅಕ್ಕ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಬಚ್ಚಲಿನ ಪಕ್ಕದ ಕತ್ತಲೆಯಲ್ಲಿ, ಒದ್ದೆ ಕಾಲಲ್ಲಿ ಓಡಾಡುವವರಿಗೆ ದಾರಿ ಬಿಡುತ್ತ, ದಾರ ಪೋಣಿಸುತ್ತ ಕೂತಿದ್ದಳು. ಅವಳನ್ನು ನೋಡಿ ನನಗೆ ಭಾವನ ಮೇಲೆ ಬಂದಷ್ಟೇ ಸಿಟ್ಟು ಅವಳ ಮೇಲೂ ಬಂತು. ಮೂವತ್ತು ವರ್ಷದಿಂದ ಹೂಂ ಅಂದುಕೊಂಡು ಬಂದವಳು, ಇನ್ನೇನು ಮಾಡಿಯಾಳು ಎಂದುಕೊಂಡೆ.

“ಇದು ಕೋಣೆಯ ದೋಷ,” ಎಂದರು ಭಾವ. “ಎಡಗಡೆ ಗೋಡೆ ಸದ್ದನ್ನ ಹೀರ್ಕೊಳ್ತಿದೆ. ಪರದೆ ತೆಗೆಸಿದೆ, ಎರಡು ದಿನ ಸರಿ ಇತ್ತು. ಬೀರು ಸಾಗಿಸಿದೆ, ಮತ್ತೆ ಸರಿ ಹೋಯ್ತು. ನಿನ್ನ ಸ್ಕ್ರೂ ಡ್ರೈವರಿಗೆ ಇದು ಅರ್ಥ ಆಗೋ ವಿಷಯ ಅಲ್ಲಮ್ಮ.”

“ಕೋಣೆಯೂ ಒಂದು ವಾದ್ಯ,” ಎಂದರು ಡಾಕ್ಟರು. ಈ ಮಾತನ್ನು ಅವರಿಗೆ ಹೇಳಿಕೊಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ.

ಆಂಪ್ಲಿಫೈಯರ್ ಆಫ್ ಮಾಡಿ, ಹಿಂದುಗಡೆ ಸ್ಪೀಕರ್‌ಗಳ ವೈರ್ ಅದಲು ಬದಲು ಮಾಡಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮತ್ತೆ ಆನ್ ಮಾಡಿದೆ. ಈಗ ಎಡಗಡೆಯ ಸ್ಪೀಕರ್ ಗಟ್ಟಿಯಾಗಿ ಹಾಡಿತು, ಬಲಗಡೆಯದು ಗೊಣಗಿತು.

“ಗೋಡೆ ಹೀರೋದು ನಿಲ್ಲಿಸಿಬಿಡ್ತಾ ಭಾವ?” ಎಂದೆ.

“ವೈರ್ ಬದಲಾಯಿಸಿದ್ಮೇಲೆ ಕೋಣೆಯ ಲೆಕ್ಕವೇ ಬದಲಾಗತ್ತೆ,” ಎಂದರು. ಡಾಕ್ಟರು ತಲೆ ಆಡಿಸಿದರು. ಗೋಡೆಗೆ ವೈರ್ ಗುರುತು ಸಿಗುತ್ತದೆಂದು ನಂಬುವ ಇಬ್ಬರು ಓದಿದ ಗಂಡಸರನ್ನು ಒಂದೇ ಸೋಫಾದ ಮೇಲೆ ನೋಡಿದ್ದು ಅದೇ ಮೊದಲು.

ಸ್ಪೀಕರ್ ವೈರ್‌ಗಳನ್ನು ಮೊದಲಿನಂತೆ ಹಾಕಿ, ಪಕ್ಕದಲ್ಲಿದ್ದ ರೆಕಾರ್ಡ್ ಪ್ಲೇಯರ್‌ನಿಂದ ಬರುವ ಎರಡು ವೈರ್ ಅದಲು ಬದಲು ಮಾಡಿದೆ. ಸಣ್ಣ ಸದ್ದು ಎಡಗಡೆಯಲ್ಲೇ ಉಳಿಯಿತು. ಅಂದರೆ ಪ್ಲೇಯರ್ ಸರಿಯಾಗಿದೆ, ಸ್ಪೀಕರ್ ಸರಿಯಾಗಿದೆ, ಪಾಪ ಹೊಲಿಗೆ ಮಷಿನ್ ಕೂಡ ಸರಿಯಾಗಿದೆ. ತೊಂದರೆ ಇರುವುದು ಇವರು ದಿನಕ್ಕೆರಡು ಸಲ ಒರೆಸುವ ಆ ಡಬ್ಬಿಯ ಒಳಗೆ.

ಒಂದೊಂದೇ ಗುಂಡಿ ತಿರುಗಿಸಿ ನೋಡಿದೆ. ವಾಲ್ಯೂಮ್, ಬ್ಯಾಲೆನ್ಸ್, ಅವುಗಳಲ್ಲಿ ಏನೂ ದೋಷವಿಲ್ಲ. ಮೂಲೆಯಲ್ಲಿ ಟೇಪ್ ಎಂದು ಬರೆದ ಚಿಕ್ಕ ಸ್ವಿಚ್ಚಿತ್ತು. ಅದರ ಮೇಲೆ ಬೆರಳಿಟ್ಟೆ.

“ಅದನ್ನ ಮುಟ್ಬೇಡ,” ಎಂದರು ಭಾವ. “ನನ್ನ ಹತ್ರ ಟೇಪೇ ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಟೇಪ್ ಇರಲಿ ಬಿಡಲಿ, ಸದ್ದು ಈ ಸ್ವಿಚ್ ದಾಟಿಯೇ ಹೋಗಬೇಕು. ವರ್ಷಗಟ್ಟಲೆ ಯಾರೂ ಆಡಿಸದೆ ಇದ್ರೆ ಒಳಗಿನ ಲೋಹ ಕಪ್ಪು ಹಿಡಿಯತ್ತೆ.”

ಒತ್ತಿದೆ, ಹಾಡು ನಿಂತಿತು. ಮತ್ತೆ ಒತ್ತಿದೆ. ಎಡಗಡೆ ಸದ್ದು ತುಂಬಿ ಬಂತು.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಕಾದು, ಮುಚ್ಚಳ ತೆಗೆದೆ. ಸ್ವಿಚ್ಚಿನೊಳಕ್ಕೆ ಕ್ಲೀನರ್ ಸ್ಪ್ರೇ ಬಿಟ್ಟು ಮೂವತ್ತು ಸಲ ಹಿಂದೆ ಮುಂದೆ ಆಡಿಸಿ, ಒಣಗಿದ ಮೇಲೆ ಮುಚ್ಚಿದೆ. ಎಲ್ಲ ಸೇರಿ ಒಂದು ಗಂಟೆ ಹಿಡಿಯಿತು. ಎರಡೂ ಕಡೆ ಸಮನಾಗಿ ಹಾಡತೊಡಗಿತು. ಭಾವ ಹಣೆಗೆ ಬೆರಳಿಟ್ಟು ಕೂತರು. ಡಾಕ್ಟರು ಅವರ ಮುಖ ನೋಡುತ್ತ ಕಾದರು.

“ಆಳ ಹೋಯ್ತು,” ಎಂದರು ಭಾವ.

“ಪೂರ್ತಿ ಹೋಯ್ತು,” ಎಂದರು ಡಾಕ್ಟರು.

“ಒಂದು ಕಡೆ ತಗ್ಗಿದ್ದಾಗ ಒಂದು ದೂರ ಇತ್ತು, ಒಂದು ಗಾಂಭೀರ್ಯ ಇತ್ತು. ಈಗ ಬಸ್ ಸ್ಟ್ಯಾಂಡಿನ ಮೈಕ್ ಥರ ಆಗಿದೆ.”

“ಬ್ಯಾಲೆನ್ಸ್ ಗುಂಡಿ ಬಲಕ್ಕೆ ತಿರುಗಿಸಿ ಭಾವ, ಗಾಂಭೀರ್ಯ ವಾಪಸ್ ಬರತ್ತೆ,” ಎಂದೆ. ತಮಾಷೆಗೆ ಹೇಳಿದ್ದೆ. ಅವರು ಎದ್ದು ನಿಜವಾಗಿಯೂ ತಿರುಗಿಸಿದರು. ಕೂತರು. ‘ಆಹ್’ ಅಂದರು. ಡಾಕ್ಟರು ‘ಓಹ್’ ಅಂದರು.

ಅಷ್ಟರಲ್ಲಿ ಅಕ್ಕ ಹೊಲಿಗೆ ಮಷಿನ್ ತಳ್ಳಿಕೊಂಡು ಹಾಲ್‌ಗೆ ಬಂದಳು. ನೆಲದ ಮೇಲೆ ಅದರ ಕಾಲು ಕಿರ್ರೆಂದಿತು.

“ಈಗ ಬೇಡ,” ಎಂದರು ಭಾವ, ಕಣ್ಣು ಬಿಡದೆ.

“ದೋಷ ಮಷಿನ್ದಲ್ಲ ಅಂತ ಗೊತ್ತಾಯ್ತಲ್ಲ,” ಎಂದು ಅಕ್ಕ ಅದನ್ನು ಕಿಟಕಿಯ ಬಳಿ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಹೊಲಿಯಲು ಕೂತಳು. ಹಾಡಿನ ನಡುವೆ ಮಷಿನ್ ಕಟಕಟ ಎಂದಿತು. ಹತ್ತು ನಿಮಿಷಕ್ಕೆ ಡಾಕ್ಟರಿಗೆ ಮನೆಯಲ್ಲಿ ಕೆಲಸ ನೆನಪಾಯಿತು.

ಬಸ್ ನಿಲ್ದಾಣದವರೆಗೆ ಅಕ್ಕ ಜೊತೆಗೆ ಬಂದಳು. ದಾರಿಯುದ್ದಕ್ಕೂ ನಾನು ಭಾವನನ್ನು ಹೀಯಾಳಿಸಿದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವಳು ಹೇಳಿದಳು.

“ಆ ಸ್ವಿಚ್ ವಿಷಯ ನಂಗೆ ಗೊತ್ತಿತ್ತು ಕಣೆ.”

“ಏನು?”

“ಅವರು ಹಾಡು ಹಾಗೇ ಬಿಟ್ಟು ಸ್ನಾನಕ್ಕೆ ಹೋದಾಗ ಧೂಳು ಹೊಡೀತಿದ್ದೆ. ಬಟ್ಟೆ ತಾಗಿ ಅದು ಒಳಗೆ ಹೋಯ್ತು, ಹಾಡು ನಿಂತೇ ಹೋಯ್ತು. ಹೆದರಿ ಮತ್ತೆ ಒತ್ತಿದೆ. ಎರಡೂ ಕಡೆ ಚೆನ್ನಾಗಿ ಬಂತು. ಹಿಂದಿನ ದಿನ ಅವರು ಪರದೆ ತೆಗೆಸಿದ್ರು. ಸ್ನಾನ ಮುಗಿಸ್ಕೊಂಡು ಬಂದು, ನೋಡಿದ್ಯಾ, ಪರದೆದೇ ತಪ್ಪು ಅಂದ್ರು.”

“ನೀನು ಹೇಳ್ಲಿಲ್ವಾ?”

“ಆ ಪರದೆ ತೆಗೀರಿ, ಧೂಳು ಅಂತ ಹದಿನೈದು ವರ್ಷದಿಂದ ಹೇಳ್ತಿದ್ದೆ. ಕೇಳಿದ್ರಾ? ಎರಡು ದಿನಕ್ಕೆ ಸದ್ದು ಮತ್ತೆ ಇಳೀತು. ಬೀರು ಒಳಗೆ ಇಟ್ರೆ ಹೇಗೆ ಅಂತ ನಾನೇ ಅಂದೆ. ಅದು ಹೋದ್ಮೇಲೆ ಮತ್ತೆ ಒತ್ತಿದೆ.” ಅವಳು ನಗಲಿಲ್ಲ. ಅಂಗಡಿಯಲ್ಲಿ ಸಾಮಾನು ಹೇಳುವ ದನಿಯಲ್ಲೇ ಮುಂದುವರಿಸಿದಳು. “ಆಮೇಲೆ ಅವರೇ ತಲೆ ಓಡಿಸಿ ಮಷಿನ್ ಎತ್ತಿಸಿದ್ರು. ನಾನು ಒತ್ತಲೇ ಇಲ್ಲ. ಸರಿ ಹೋಗ್ಲಿಲ್ಲ ಅಂತ ವಾಪಸ್ ಇಡ್ತಾರೆ ಅಂದ್ಕೊಂಡೆ. ಇಡ್ಲಿಲ್ಲ. ಬೆಳಕಿಲ್ಲದೆ ನನ್ನ ಕಣ್ಣು ಹೋಗ್ತಿತ್ತು. ಅದಕ್ಕೇ ನಿನ್ನ ಕರೆದೆ.”

ನಾನು ಇಷ್ಟು ವರ್ಷ ಭಾವನ ಬಗ್ಗೆ ಆಡಿಕೊಂಡಿದ್ದೆಲ್ಲ ಅವಳ ಮುಂದೆ ಚಿಲ್ಲರೆ ಎನ್ನಿಸಿತು. ಆದರೂ ನನಗೆ ಒಂದು ಕಡೆ ಚುಚ್ಚಿತು. “ನಾನು ಬಂದ ಕೂಡಲೇ ಹೇಳಬಹುದಿತ್ತಲ್ಲ. ಒಂದು ಗಂಟೆ ಉಳೀತಿತ್ತು.”

“ನೀನು ಕೇಳ್ಲಿಲ್ಲ,” ಎಂದಳು ಅಕ್ಕ. “ಯಾವಾಗ ಶುರುವಾಯ್ತು, ಹೇಗೆ ಬರತ್ತೆ ಹೋಗತ್ತೆ ಅಂತ ಯಾರನ್ನೂ ಕೇಳ್ಲಿಲ್ಲ. ಅವರು ಹೇಳಿದ್ದನ್ನ ಕೇಳಿ ಮೂಗು ಮುರಿದೆ, ನನ್ನ ನೋಡಿ ಅಯ್ಯೋ ಪಾಪ ಅಂದ್ಕೊಂಡೆ. ಮನೇಲಿ ದಿನವಿಡೀ ಅದನ್ನ ಕೇಳಿಸ್ಕೊಳ್ಳೋಳು ನಾನೇ ತಾನೆ.”

ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಗೆ ಬಂದವರನ್ನೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಅದೇ.

ಬಸ್ ತಿರುವಿನಲ್ಲಿ ಕಾಣಿಸಿಕೊಂಡಿತು. ಅಕ್ಕ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಸೋಫಾನೂ ತೆಗೆಸಬೇಕು ಅಂತಿದ್ದೆ,” ಎಂದಳು. “ನೀನು ಪೂರ್ತಿ ಸರಿ ಮಾಡಿಬಿಟ್ಟೆ.”