ಬರ್ಕಾದ ಮನೆಯ ಎರಡೂವರೆ ಮೀಟರ್

೧೯೮೭ರಲ್ಲಿ ಒಮಾನಿನ ಬರ್ಕಾದ ಹಳೆಯ ಮಣ್ಣಿನ ಮಹಲೊಂದನ್ನು ದುರಸ್ತಿ ಮಾಡಲು ಮಸ್ಕತ್ತಿನ ಕಂಪೆನಿಯೊಂದು ಗುತ್ತಿಗೆ ಹಿಡಿಯಿತು. ಅದನ್ನು ಅಳೆದು ನಕ್ಷೆ ಬರೆಯಲು ಬಂದವನು ಮೂಲ್ಕಿಯ ಡ್ರಾಫ್ಟ್ಸ್‌ಮನ್ ಭೋಜರಾಜ. ಟೇಪಿನ ಇನ್ನೊಂದು ತುದಿ ಹಿಡಿಯಲು ಉಳ್ಳಾಲದ ಮೇಸ್ತ್ರಿ ಅಬ್ಬಾಸ್ ಇದ್ದ.

ಮನೆಗೆ ಇನ್ನೂರು ವರ್ಷವಾಗಿತ್ತು. ದಪ್ಪ ಗೋಡೆ, ಎರಡು ಮೂಲೆಗಳಲ್ಲಿ ಬುರುಜು, ಕೆಳಗೆ ಖರ್ಜೂರದ ಉಗ್ರಾಣ. ಪೇರಿಸಿಟ್ಟ ಖರ್ಜೂರದಿಂದ ಇಳಿಯುವ ರಸ ಹರಿಯಲೆಂದು ಉಗ್ರಾಣದ ನೆಲದಲ್ಲಿ ಸಣ್ಣ ಕಾಲುವೆಗಳಿದ್ದವು. ಮಾಡಿನ ತೇಗದ ತೊಲೆಗಳನ್ನು ತನ್ನ ಮುತ್ತಜ್ಜ ಮಂಗಳೂರಿನಿಂದ ಹಾಯಿಹಡಗಿನಲ್ಲಿ ತರಿಸಿದ್ದನೆಂದು ಮನೆತನದ ಮುದುಕಿ ಲೈಲಾ ಹೇಳಿದಳು. ಪಕ್ಕದ ಸಿಮೆಂಟು ಮನೆಯಲ್ಲಿದ್ದ ಅವಳು ದಿನವೂ ಬಂದು ನೋಡಿ ಹೋಗುತ್ತಿದ್ದಳು.

ಎರಡನೆಯ ವಾರ ಊರಿನಿಂದ ಫೋನು ಬಂತು. ಭೋಜರಾಜನ ಹೆಂಡತಿ ಕುಸುಮ ಕಾಮಾಲೆಯಿಂದ ತೀರಿಕೊಂಡಿದ್ದಳು. ಪಾಸ್‌ಪೋರ್ಟು ವೀಸಾ ಕೊಟ್ಟ ಅರಬ ಕಫೀಲನ ಹತ್ತಿರ, ಕಫೀಲ ದೂರದ ಸಲಾಲಾದಲ್ಲಿ. ಅದು ಕೈಗೆ ಬರುವಷ್ಟರಲ್ಲಿ ಊರಲ್ಲಿ ಎಲ್ಲವೂ ಮುಗಿದಿತ್ತು. ಇನ್ನು ಕೆಲಸ ಮುಗಿಸಿಯೇ ಹೋಗುತ್ತೇನೆಂದು ಭೋಜರಾಜ ಮರುದಿನ ಏಳು ಗಂಟೆಗೆ ಟೇಪು ಹಿಡಿದು ನಿಂತ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ, ಮಲಗಿದರೆ ನಿದ್ದೆ ಬರುತ್ತಿತ್ತು. ಒಮ್ಮೆಯೂ ಅಳದ ಅವನನ್ನು ಕಂಡು ಹೆದರಿದವನು ಅಬ್ಬಾಸ್.

ಪಡುವಣ ಪಾರ್ಶ್ವದ ಅಳತೆ ಕೂಡಿಬರಲಿಲ್ಲ. ಹೊರಗೆ ಹದಿಮೂರು ಮೀಟರ್. ಒಳಗೆ ಕೋಣೆ, ಗೋಡೆ ಎಲ್ಲ ಸೇರಿಸಿದರೂ ಹತ್ತೂವರೆ. ಮೂರು ಸಲ ಅಳೆದರೂ ಅಷ್ಟೇ.

“ನೀವು ರೂಮಿಗೆ ಹೋಗಿ ಸ್ವಲ್ಪ ಮಲಗಿ ಮಾರಾಯ್ರೆ,” ಅಬ್ಬಾಸ್ ಹೇಳಿದ. “ತಲೆ ಸರಿ ಇಲ್ಲದಾಗ ಲೆಕ್ಕ ತಪ್ತದೆ.”

“ಲೆಕ್ಕ ಸರಿ ಉಂಟು. ಒಂದು ಕೋಣೆ ಕಡಿಮೆ ಉಂಟು.”

ಅವರು ಲೈಲಾಳನ್ನು ಕೇಳಿದರು. ಅವಳು ಗೋಡೆಯ ಒಂದು ಕಡೆ ಕೈಯಿಟ್ಟು ತೋರಿಸಿದಳು. ಅವಳು ಚಿಕ್ಕವಳಿದ್ದಾಗ ಅಣ್ಣನ ಹೆಂಡತಿ ಅದರ ಹಿಂದಿನ ಕೋಣೆಯಲ್ಲಿ ಸಿಡುಬಿನಿಂದ ಸತ್ತಿದ್ದಳು. ರೋಗಕ್ಕೆ ಹೆದರಿ ತಂದೆ ಬಾಗಿಲಿಗೇ ಅಡ್ಡ ಗೋಡೆ ಕಟ್ಟಿಸಿ ಮುಚ್ಚಿಸಿಬಿಟ್ಟಿದ್ದ. ಅಣ್ಣ ಮರುದಿನವೇ ಖರ್ಜೂರದ ಕೊಯ್ಲಿಗೆ ಹೋದನಂತೆ. ಅವನದು ಕಲ್ಲೆದೆ ಎಂದು ಊರೆಲ್ಲ ಆಡಿಕೊಂಡಿತಂತೆ. ಅಬ್ಬಾಸ್ ಅರಬಿಯಿಂದ ಒಂದೊಂದೇ ಮಾತನ್ನು ತಿಳಿಸುತ್ತ ಬಂದವನು ಇಲ್ಲಿ ತಡವರಿಸಿದ. ಭೋಜರಾಜನ ಸುದ್ದಿ ಕೇಳಿದ್ದ ಮುದುಕಿ ಅವನನ್ನೇ ನೋಡಿ ಮುಂದುವರಿಸಿದಳು.

“ನಾಲ್ಕು ವರ್ಷದ ಮೇಲೆ ಆ ಅಣ್ಣನ ಕತ್ತೆ ಸತ್ತಿತಂತೆ,” ಅಬ್ಬಾಸ್ ಮೆಲ್ಲನೆ ಹೇಳಿದ. “ಆಗ ಅತ್ತರಂತೆ. ಮೂರು ದಿನ.”

ಲೈಲಾಳ ಒಪ್ಪಿಗೆ ಪಡೆದು ಬಾಗಿಲು ಒಡೆದರು. ಒಳಗೆ ಒಂದು ಮಂಚ, ಬಿರುಕುಬಿಟ್ಟ ನೀರಿನ ಮಡಕೆ, ಧೂಳು. ಭೋಜರಾಜ ನಾಲ್ಕೂ ಕಡೆ ಅಳೆದು ಬರೆದುಕೊಂಡ. ಆಮೇಲೆ ನೆಲದ ಮೇಲೆ ಕೂತುಬಿಟ್ಟ.

“ಅವಳ ಮುಖ ನೆನಪಾಗ್ತಾ ಇಲ್ಲ ಅಬ್ಬಾಸ್.”

ಅಬ್ಬಾಸ್ ಟೇಪು ಸುತ್ತಿಟ್ಟ. ಅವನೂ ಪಕ್ಕದಲ್ಲಿ ಕೂತ. ಹೊರಗೆ ಕೆಲಸದವರು ಊಟಕ್ಕೆ ಹೋಗಿ ಮರಳಿದರೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ತಿಂಗಳ ಕೊನೆಗೆ ನಕ್ಷೆ ಮುಗಿಸಿಕೊಟ್ಟು ಭೋಜರಾಜ ಊರಿಗೆ ಹೋದ. ಮೂರು ವರ್ಷದ ಮಗಳು ಅವನನ್ನು ಗುರುತಿಸದೆ ಅಜ್ಜಿಯ ಸೀರೆಯ ಹಿಂದೆ ಅಡಗಿದಳು. ಅವನು ಕರೆಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವಳಾಗಿಯೇ ಬಂದು, ಬಾಚಣಿಗೆಯನ್ನು ಅವನ ಕೈಗಿತ್ತು, ಬೆನ್ನು ತಿರುಗಿಸಿ ಕೂತಳು. ಹೇಗೆ ಬಾಚಬೇಕೆಂದು ಅವನಿಗೆ ತಿಳಿಯದು. ನಿಧಾನವಾಗಿ ಬಾಚತೊಡಗಿದ.