ಹನ್ನೆರಡನೇ ಪುಟದ ಪ್ರಾರ್ಥನೆ

"ಆ ಡಬ್ಬಾ ಆಫ್ ಮಾಡೇ! ಏನು, ಬಸ್ ಸ್ಟ್ಯಾಂಡ್ ಅಂದ್ಕೊಂಡ್ಯಾ ಇದನ್ನ?"

ಮೇಷ್ಟ್ರು ವೇದಿಕೆಯ ಕೆಳಗಿಂದ ಕೂಗಿದರು. ನಾನು ಲ್ಯಾಪ್‌ಟಾಪಿನ ಬೀಟ್ ನಿಲ್ಲಿಸಿದೆ. ದೊಡ್ಡಮ್ಮ ಮಾತ್ರ ಕೊರಳಿಗೆ ಹಾಕಿಕೊಂಡಿದ್ದ ಡೋಲಿಗೆ ಇನ್ನೆರಡು ಪೆಟ್ಟು ಬಿಗಿದೇ ಸುಮ್ಮನಾದಳು.

"ನಿಮ್ದು ಕಾಡಿನ ಸಂಗೀತ. ಅದಕ್ಕೆ ಕರೆಂಟ್ ಯಾಕೆ?" ಎಂದರು ಮೇಷ್ಟ್ರು, ಮೈಕಿನಲ್ಲಿ.

ನಮ್ಮನ್ನು ಕಾಡಿನಿಂದ ಓಡಿಸಿ ನಲವತ್ತು ವರ್ಷವಾಯಿತು. ದೊಡ್ಡಮ್ಮ ಇದೇ ಸಭಾಂಗಣದ ಕಕ್ಕಸು ತೊಳೆಯುತ್ತಾಳೆ. ನಾನು ಮೊಬೈಲ್ ರಿಪೇರಿ ಮಾಡುತ್ತೇನೆ. ಅವಳ ಡೋಲಿಗೆ ನನ್ನ ಬೀಟ್ ಬೆರೆಸಿದರೆ ಕೇರಿಯ ಮುದುಕಿಯರೂ ಸೊಂಟನೋವು ಮರೆತು ಕುಣಿಯುತ್ತಾರೆ. ಆದರೆ ಮೇಷ್ಟ್ರು ನಮ್ಮ ಜನರ ಮೇಲೆ ಮೂರು ಪುಸ್ತಕ ಬರೆದವರು. ಅವರು ಹೂಂ ಅಂದರೆ ನಾವು ಮೂಲನಿವಾಸಿ ಕಲಾವಿದರು, ಉಹೂಂ ಅಂದರೆ ಗಲಾಟೆ ಗಿರಾಕಿಗಳು.

"ಸಂಜೆ ಸಚಿವರು ಬರ್ತಾರೆ. ನನ್ನ ಪುಸ್ತಕದ ಹನ್ನೆರಡನೇ ಪುಟದ ಪ್ರಾರ್ಥನೆ ಹಾಡಿ. ಬರುತ್ತೆ ತಾನೆ?"

"ಬರ್ದೇ ಇರುತ್ತಾ ಸಾಮಿ? ನಿಮಗೆ ಹೇಳ್ಕೊಟ್ಟಿದ್ದೇ ನಮ್ಮಮ್ಮ," ಎಂದಳು ದೊಡ್ಡಮ್ಮ.

"ಸಂಜೆ ಚಪ್ಪಲಿ ಬಿಟ್ಟು ವೇದಿಕೆ ಹತ್ತು. ಆಮೇಲೆ ವೇದಿಕೆ ಒರೆಸೋಳೂ ನೀನೇ."

ಪರದೆಯ ಹಿಂದೆ ಬಂದವಳೇ ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆಮೇಲೆ ಹೇಳಿದಳು. ಮೇಷ್ಟ್ರಿಗೆ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಟೇಪ್ ರೆಕಾರ್ಡರ್ ಹಿಡಿದು ಬಂದು ಅಜ್ಜಿಯ ಗುಡಿಸಲಲ್ಲಿ ಝಂಡಾ ಊರಿದ್ದರಂತೆ. ಅಜ್ಜಿಯ ಕೊನೆಯ ಮಗು ಸತ್ತು ಮೂರು ದಿನವಾಗಿತ್ತು. "ಮೊದಲನೇ ಸಲ ಸರಿಯಾಗಿ ಬರ್ಲಿಲ್ಲ, ಇನ್ನೊಂದ್ಸಲ ಅಳಮ್ಮ" ಎಂದರಂತೆ. ಅಜ್ಜಿ ಅತ್ತಳು. ಅಳುತ್ತಲೇ ಅವರ ಮೇಲೇ ಒಂದು ಹಾಡು ಕಟ್ಟಿ, ನಮ್ಮ ಮಾತಿನಲ್ಲಿ ಉಗಿದಳು. ಆ ಮಾತು ತಿಳಿಯದ ಮೇಷ್ಟ್ರು ಕಣ್ಣುಮುಚ್ಚಿ ತಲೆದೂಗಿದರು, ಅದನ್ನೇ ಪ್ರಾರ್ಥನೆ ಅಂತ ಹನ್ನೆರಡನೇ ಪುಟಕ್ಕೆ ಹಾಕಿದರು.

"ಅದೇ ಹಾಡೋಣ," ಎಂದಳು ದೊಡ್ಡಮ್ಮ. "ನಿನ್ ಡಬ್ಬಾನೂ ಇರ್ಲಿ."

ಸಂಜೆ ನಾನು ಪರದೆಯ ಮರೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಸಾವಿರಾರು ವರ್ಷದ ಪ್ರಾರ್ಥನೆ, ಎಲ್ಲರೂ ಎದ್ದು ನಿಲ್ಲಬೇಕು ಎಂದು ಮೇಷ್ಟ್ರು ಸಾರಿದರು. ಸಭೆ ಎದ್ದಿತು. ಸಚಿವರು ಕೈಮುಗಿದರು. ದೊಡ್ಡಮ್ಮ ನಮ್ಮ ಮಾತಿನಲ್ಲಿ ಹಾಡು ಎತ್ತಿದಳು. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ನಮ್ಮ ಕೇರಿಯ ಹೆಂಗಸರು ಕಿಸಕ್ಕನೆ ನಕ್ಕರು.

"ಪ್ರಾರ್ಥನೆ ನಡೀತಿದೆ, ಮಾನ ಮರ್ಯಾದೆ ಇಲ್ವೇನ್ರೇ?" ಮೇಷ್ಟ್ರು ಗದರಿದರು.

ದೊಡ್ಡಮ್ಮ ಹಾಡು ನಿಲ್ಲಿಸಿದಳು, ಡೋಲು ನಿಲ್ಲಿಸಲಿಲ್ಲ. "ಅವ್ರಿಗೆ ಅರ್ಥ ಆಗುತ್ತೆ ಸಾಮಿ, ಅದಕ್ಕೇ ನಗ್ತಾರೆ. ತಾಳಿ, ನಿಮ್ ಮಾತಲ್ಲೇ ಹೇಳ್ತೀನಿ."

ನನ್ನ ಕಡೆ ಕಣ್ಣು ಹಾಯಿಸಿದಳು. ನಾನು ಬೀಟ್ ಬಿಟ್ಟೆ. ಕುರ್ಚಿಗಳ ಕಾಲು ಗಡಗಡಿಸಿದವು.

"ಹೆಣದ ಮನೇಗೆ ನೆಂಟ ಬಂದ, ಪೆಟ್ಗೆ ಹಿಡ್ಕೊಂಡ್ ಬಂದ,
ಅತ್ತೂ ಅತ್ತೂ ಸೋತ ತಾಯ್ಗೆ ಇನ್ನೊಂದ್ಸಲ ಅಳು ಅಂದ,
ಬೋಳೀಮಗನ್ ಬಾಯಿಗ್ ಮಣ್ಣು, ಮಣ್ಣು, ಮಣ್ಣು!"

ಸಚಿವರ ಮುಗಿದ ಕೈ ಎದೆಯ ಹತ್ತಿರವೇ ಉಳಿಯಿತು. ಇಳಿಸಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಮೇಷ್ಟ್ರು ಚಪ್ಪಲಿ ಸಮೇತ ವೇದಿಕೆ ಹತ್ತಿದರು.

"ನಾಳೆಯಿಂದ ಈ ಕಟ್ಟಡದೊಳಗೆ ಕಾಲಿಟ್ರೆ ನೋಡು, ಭಿಕಾರಿ ಮುಂಡೆ!"

"ಹಂಗಾದ್ರೆ ಕಕ್ಕಸು ನೀವೇ ತೊಳ್ಕೊಳ್ಳಿ ಸಾಮಿ. ಬಕೆಟ್ಟು ಬಾಗಿಲ ಹಿಂದೈತೆ."

ಹೆಂಗಸರು ಪೊರಕೆ ಎತ್ತಿಕೊಂಡು ಸಾಲುಗಳ ನಡುವೆ ಕುಣಿಯುತ್ತಾ ಬಂದರು. ಮಣ್ಣು, ಮಣ್ಣು! ನಾನು ಸದ್ದು ಪೂರ್ತಿ ಏರಿಸಿದೆ. ಮೇಷ್ಟ್ರ ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಂದಕ್ಷರವೂ ಕೇಳುತ್ತಿರಲಿಲ್ಲ.