ಮೂವತ್ತಾರರಿಂದ ಇಳಿದ ಗೆರೆ

ಚೌಕಳಿ ಬಟ್ಟೆಯ ಹಾಗೇ ಇದೆಯಲ್ಲ ಈ ಗ್ರಾಫ್ ಹಾಳೆ, ತುದಿ ನೇರ ಕತ್ತರಿಸಿಲ್ಲ ಅಷ್ಟೇ, ಹೊಲಿಗೆ ಯಂತ್ರ ನಿಲ್ಲಿಸಿ ಬಗ್ಗಿ ನೋಡುತ್ತೇನೆ, ಮಗಳು ಅಂಗಡಿಯ ಮೇಜನ್ನೆಲ್ಲ ಆಕ್ರಮಿಸಿದ್ದಾಳೆ — ಲೀನಿಯರ್ ಫಂಕ್ಷನ್ ಅಮ್ಮಾ, ನಿಜವಾದ ಅಂಕಿ ತನ್ನಿ ಅಂದಿದ್ದಾರೆ ಟೀಚರ್, ನಿನ್ನ ಅಳತೆ ಪುಸ್ತಕದಲ್ಲೇ ಸಿಕ್ತು ನೋಡು, ಹೆಸರಿಲ್ಲ, ಬರೀ ಸೊಂಟದ ಅಳತೆ, ಮೂವತ್ತಾರು, ಮೂವತ್ತೈದು, ಮೂವತ್ನಾಲ್ಕು, ಮೂವತ್ಮೂರು, ತಿಂಗಳಿಗೆ ಸರಿಯಾಗಿ ಒಂದಿಂಚು, ಯಾರೋ ಗಿರಾಕಿ ಭಾರೀ ಡಯೆಟ್ ಮಾಡ್ತಿದಾರೆ — ಹೂಂ ಎಂದೆ, ಆ ಪುಟ ಹರಿದು ಹಾಕಬೇಕಿತ್ತು, ಗಂಡನ ಹೆಸರನ್ನು ಗಿರಾಕಿಗಳ ಸಾಲಿನಲ್ಲಿ ಬರೆಯಲು ಕೈ ಬರಲಿಲ್ಲ, ಅವರ ಪ್ಯಾಂಟಿನ ಸೊಂಟ ಬಿಗಿ ಮಾಡುವಾಗಲೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದೆ, ಮಾತಾಡದಿರಲು ಒಂದು ನೆಪ, ನಿನಗೆ ಕೆಲಸ ಇರ್ಲಿ ಅಂತ ಸಣ್ಣ ಆಗ್ತಿದೀನಿ ಕಣೇ ಎಂದು ಅವರು ನಗುತ್ತಿದ್ದರು, ಒಗೆದೂ ಒಗೆದೂ ಬಟ್ಟೆ ಸಡಿಲ ಆಗಿದೆ ರೀ ಎಂದೆ ಒಂದು ಸಲ, ದರ್ಜಿಯ ಹೆಂಡತಿ ಅಲ್ಲ, ದರ್ಜಿಯೇ ನಾನು, ನನ್ನ ಬಾಯಲ್ಲೇ ಎಂಥ ಸುಳ್ಳು — ಮೊದಲ ತಿಂಗಳು ಜ್ವರ, ಆಮೇಲೆ ಹೊಸ ಮಾತ್ರೆ ಒಗ್ಗಲಿಲ್ಲ, ಆಮೇಲೆ ಬಾಯಿ ಕೆಟ್ಟಿತ್ತು, ತಿಂಗಳಿಗೊಂದು ಕಾರಣ ಜೋಡಿಸಿಕೊಂಡಿದ್ದೆ, ಬೇರೆ ಬೇರೆ ಎಂದುಕೊಂಡಿದ್ದೆ — ಎರಡೇ ವಿಷಯಮ್ಮ, ಎಲ್ಲಿಂದ ಶುರು, ಪ್ರತಿ ಸಲ ಎಷ್ಟು ಬದಲಾಗುತ್ತೆ, ಅಷ್ಟು ಗೊತ್ತಾದ್ರೆ ಮುಂದಿಂದೆಲ್ಲ ಗೊತ್ತಾದ ಹಾಗೆ — ಏಳನೇ ತರಗತಿಗೆ ಶಾಲೆ ಬಿಟ್ಟವಳು, ಎಕ್ಸ್ ಎಂದರೆ ಮೈಲಿ ದೂರ ಓಡುತ್ತಿದ್ದವಳು, ಈ ಸಲ ಥಟ್ಟನೆ ತಲೆಗೆ ಹೊಕ್ಕಿತು, ಹೊಗಬಾರದಿತ್ತು, ಅವಳು ಸ್ಕೇಲ್ ಇಟ್ಟಳು, ನಾಲ್ಕು ಚುಕ್ಕಿಗಳಲ್ಲಿ ಒಂದಾದರೂ ದಾರದಷ್ಟು ಸರಿಯಬಾರದೇ, ಜ್ವರದ್ದು, ಮಾತ್ರೆಯದ್ದು, ಯಾವುದಾದರೂ ಸರಿ — ಸರಿಯಲಿಲ್ಲ, ನಾಲ್ಕಕ್ಕೂ ಒಂದೇ ಗೆರೆ, ಕೊನೇದು ತಪ್ಪು ಬರೆದಿದೀನಿ ಪುಟ್ಟಿ, ಮೂವತ್ನಾಲ್ಕೇ ಅದು ಎಂದೆ, ನೀನು ಅಳತೆ ತಪ್ತೀಯಾ, ಸುಮ್ನಿರಮ್ಮ ಎಂದು ನಕ್ಕಳು, ನಗುವಾಗ ಥೇಟ್ ಅವರೇ, ಇನ್ನು ಮುಂದಕ್ಕೆ ಚುಕ್ಕಿಚುಕ್ಕಿಯಾಗಿ ಎಳೀಬೇಕಂತೆ, ಎಳೆಯುತ್ತಿದ್ದಾಳೆ, ಮೂವತ್ತೆರಡು, ಮೂವತ್ತೊಂದು, ಪೆನ್ಸಿಲ್ ಮೊನೆ ಒಂದೊಂದೇ ಚೌಕ ಇಳಿಯುತ್ತಿದೆ, ಮೂವತ್ತು, ಒಳಕೋಣೆಯಲ್ಲಿ ಮಂಚ ಕಿರ್ರೆಂದಿತು, ಅವರು ಎದ್ದರೇನೋ, ಇಪ್ಪತ್ತೊಂಬತ್ತು, ಮೊನೆ ನಿಂತಿದೆ, ಎಲ್ಲೀವರೆಗೂ ಎಳೀಲಮ್ಮಾ, ಇದು ತಾನಾಗಿ ನಿಲ್ಲಲ್ಲ — ಹೇಳಮ್ಮಾ — ಖಾಲಿ ಚೌಕ, ಅದರ ಮೇಲೆ ಪೆನ್ಸಿಲ್ ಮೊನೆ, ಪೆನ್ಸಿಲ್ ಮೊನೆ